ಹುಣಸೆಹಣ್ಣು ಕಂಡ ಇಟಲಿ ಮೇಜು

ಯಶವಂತಪುರ,
೧೮-೯-೧೯೬೨

ಪ್ರೀತಿಯ ಅತ್ತೆಯವರ ಪಾದಗಳಿಗೆ ನಾಗಮಣಿಯ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ? ಅರಸೀಕೆರೆಯ ನೀರು ಒಗ್ಗಿತೇ? ಗೋದಾ ಎದ್ದು ಓಡಾಡುತ್ತಿದ್ದಾಳೆಯೇ, ಕೂಸು ನಿಮಗೆ ನಿದ್ದೆ ಮಾಡಲು ಬಿಡುತ್ತದೆಯೇ, ಎಲ್ಲವನ್ನೂ ಬರೆಯಿರಿ. ಮಗಳ ಮೂರನೆಯ ಬಾಣಂತನ ತಾಯಿಗೆ ಸಲೀಸು ಎನ್ನುವವರು ಒಮ್ಮೆ ಮಾಡಿ ನೋಡಬೇಕು. ಇಲ್ಲಿ ನಿಮ್ಮ ಮಗ ಸೌಖ್ಯವಾಗಿದ್ದಾರೆ. ನನ್ನ ಸಾರಿಗೆ ಉಪ್ಪು ಸಾಲದು ಎನ್ನುವುದೊಂದು ಬಿಟ್ಟರೆ ಬೇರೆ ದೂರಿಲ್ಲ.

ಈ ಕಾಗದವನ್ನು ಎರಡು ಸಲ ಬರೆದು ಹರಿದುಹಾಕಿದೆ. ಈಗ ಹೇಳಿಯೇಬಿಡುತ್ತೇನೆ. ಸೀಮೆಗೆ ಹೊರಟ ಇಂಗ್ಲಿಷ್ ದೊರೆಯ ಹರಾಜಿನಲ್ಲಿ ಮಾವನವರು ಆಸೆಪಟ್ಟು ತಂದ ಇಟಲಿ ಮೇಜನ್ನು ನಾನು ಕೆಡಿಸಿಬಿಟ್ಟೆ. ಆ ಕಪ್ಪು ಕಲ್ಲಿನ ಮೇಲಿನ ಹಕ್ಕಿ, ದ್ರಾಕ್ಷಿ, ಹೂಗಳು ಬಣ್ಣ ಬಳಿದವಲ್ಲ, ಒಂದೊಂದು ಎಸಳೂ ಬೇರೆ ಬೇರೆ ಕಲ್ಲಿನಲ್ಲಿ ಕೊಯ್ದು ಕೂರಿಸಿದ್ದು ಎಂದು ನಾನು ಮದುವೆಯಾಗಿ ಬಂದ ವಾರವೇ ಬೆರಳು ಹಿಡಿದು ತೋರಿಸಿದವರು ನೀವು. ಊರಿಗೆ ಹೊರಟಾಗಲೂ 'ಮೇಜಿಗೆ ಒಣಬಟ್ಟೆ ಮಾತ್ರ ಕಣೇ' ಎಂದು ಎರಡು ಸಲ ಹೇಳಿದಿರಿ. ನನ್ನ ಬುದ್ಧಿಗೆ ಏನು ಕವಿದಿತ್ತೋ. ಗೌರಿಹಬ್ಬಕ್ಕೆ ಮೂರು ದಿನವಿರುವಾಗ ದೀಪದ ಕಂಬಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದೆ. ಅವು ಬಂಗಾರದಂತೆ ಹೊಳೆದವು. ಇಷ್ಟು ಹುಣಸೆ ಮಿಕ್ಕಿದೆಯಲ್ಲ, ಅತ್ತೆ ಬರುವಷ್ಟರಲ್ಲಿ ಮೇಜನ್ನೂ ಥಳಥಳ ಮಾಡಿ ಭೇಷ್ ಅನ್ನಿಸಿಕೊಳ್ಳೋಣವೆಂದು ಅದಕ್ಕೂ ಬಳಿದು, ತೆಂಗಿನ ನಾರಿನಲ್ಲಿ ತಿಕ್ಕಿದೆ.

ತೊಳೆದು ನೋಡಿದರೆ ಕಪ್ಪೆಲ್ಲ ಬೂದಿ ಬಣ್ಣ. ಹೂವು, ಹಕ್ಕಿ ಮಾತ್ರ ಹಾಗೇ ಹೊಳೆಯುತ್ತಿದ್ದವು, ನನ್ನನ್ನು ಅಣಕಿಸುವ ಹಾಗೆ. ಒಂದು ಎಸಳು ಎದ್ದುಬಂದು ಹುಣಸೆಯ ಚರಟದಲ್ಲಿ ಸೇರಿಹೋಗಿತ್ತು. ಸಾರಿಗೆ ಸೋಸುವಂತೆ ಸೋಸಿ ಅದನ್ನು ಹುಡುಕಿದೆ. ಅತ್ತೆ, ಆ ದಿನ ನಾನು ಅತ್ತಷ್ಟು ತವರು ಬಿಟ್ಟು ಬರುವಾಗಲೂ ಅತ್ತಿರಲಿಲ್ಲ. ಮಾವನವರು ಹೋದ ಮೇಲೆ ಆ ಮೇಜನ್ನು ಒರೆಸದೆ ನೀವು ಕಾಫಿ ಕುಡಿದದ್ದಿಲ್ಲ. ನಿಮಗೆ ಹೇಗೆ ಮುಖ ತೋರಿಸಲಿ?

ಕೊನೆಗೆ ಕೈ ಹಿಡಿದವಳು ಹೂವಿನ ಸೊಣ್ಣಮ್ಮ. 'ಅಳ್ಬ್ಯಾಡಿ ಕಣಮ್ಮ, ಗೋರಿ ಕಲ್ಲು ಕೆತ್ತೋ ಸಾಬ್ರು ಅವ್ರೆ, ಕರ್ಕೊಂಡ್ ಬತ್ತೀನಿ' ಎಂದು ಹೋಗಿ ರಹಮತುಲ್ಲಾ ಸಾಬರನ್ನು ಕರೆತಂದಳು. ಯುದ್ಧಕಾಲದಲ್ಲಿ ಜಾಲಹಳ್ಳಿಯ ಕ್ಯಾಂಪಿಗೆ ಸಾಬರು ಕಲ್ಲು ಹೊಡೆಯಲು ಹೋಗುತ್ತಿದ್ದಾಗ, ಅಲ್ಲಿ ಸೆರೆಯಲ್ಲಿದ್ದ ಇಟಲಿಯವನೊಬ್ಬ ಈ ಕೆಲಸ ಹೇಳಿಕೊಟ್ಟನಂತೆ. ಮೇಜನ್ನು ನೋಡಿದವರೇ ನಕ್ಕು, 'ಹುಳಿ ಇದಕ್ಕೆ ದುಶ್ಮನ್ ಅಮ್ಮಾ' ಎಂದರು. ಬೈಯಲಿಲ್ಲ.

ಆರು ದಿನ ನಮ್ಮ ಜಗುಲಿಯಲ್ಲೇ ಕೆಲಸ. ಎಸಳಿನ ಅಂಚನ್ನು ನನಗೆ ತೋರಿಸಿದರು: ಮೇಲೆ ಅಗಲ, ಕೆಳಗೆ ಕಿರಿದು, ಓರೆಯಾಗಿ ಕೊಯ್ದಿದ್ದಾರೆ. ಅಂಟೆಲ್ಲ ಅಡಿಯಲ್ಲಿ ಅಡಗಿ, ಮೇಲೆ ಕೂದಲು ತೂರುವಷ್ಟೂ ಸಂದು ಕಾಣುವುದಿಲ್ಲ. ಜೇನುಮೇಣ, ರಾಳ ಕಾಯಿಸಿ ಅದನ್ನು ಕೂರಿಸಿದರು. ಉಜ್ಜುವುದು ಇನ್ನೂ ಕಷ್ಟ. ಕಪ್ಪು ಕಲ್ಲು ಮೆತ್ತಗೆ, ಹೂವಿನ ಕಲ್ಲು ಗಟ್ಟಿ. ಬರಿಗೈಯಲ್ಲಿ ತಿಕ್ಕಿದರೆ ಸುತ್ತಲ ಕಪ್ಪು ಸವೆದು ಹೂವು ಉಬ್ಬುತ್ತದಂತೆ. ಅದಕ್ಕೆ ಚಪ್ಪಟೆ ಮರದ ತುಂಡಿಗೆ ಸಾಣೆ ಕಟ್ಟಿ, ನೀರು ಚಿಮುಕಿಸಿ, ಒಂದೇ ಸಮ ಉಜ್ಜಿದರು. ನಾನೂ ಒಂದು ಮೂಲೆ ಉಜ್ಜಿದೆ. ರಟ್ಟೆ ಇನ್ನೂ ನೋಯುತ್ತಿದೆ, ನೋಯಲಿ. ಈಗ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು. ಅವರ ಉಪಕಾರಕ್ಕೆ ಏನು ಕೊಟ್ಟರೂ ಕಡಿಮೆಯೇ. ನಿಮ್ಮನ್ನು ಕೇಳದೆ ಮಾಗಳಿ ಬೇರಿನ ಉಪ್ಪಿನಕಾಯಿಯ ದೊಡ್ಡ ಜಾಡಿಯನ್ನೂ ಕೊಟ್ಟುಬಿಟ್ಟೆ. ಆ ತಪ್ಪನ್ನೂ ಇದರ ಜೊತೆಗೇ ಮನ್ನಿಸಿ.

ಕೂಸಿಗೆ ನನ್ನದೊಂದು ಮುತ್ತು, ಗೋದಾಗೆ ಆಶೀರ್ವಾದ. ಬರುವ ದಿನ ತಿಳಿಸಿದರೆ ಇವರು ಸ್ಟೇಷನ್ನಿಗೆ ಬರುತ್ತಾರೆ.

ನಿಮ್ಮ ಸೊಸೆ,
ನಾಗಮಣಿ

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸುತ್ತಿದ್ದೆ. ಟಪಾಲಿನವನು ಬರುವ ಹೊತ್ತಾಯಿತು. ಸಾಬರು ಈ ಮೇಜು ಉಜ್ಜಿದ್ದು ಇದು ಎರಡನೆಯ ಸಲವಂತೆ. ಹದಿಮೂರು ವರ್ಷದ ಹಿಂದೆಯೂ ಹುಣಸೆಹಣ್ಣೇ. ನೀವು ಯಾರಿಗೂ ಹೇಳದೆ ಮೇಲೊಂದು ಹೊದಿಕೆ ಹಾಸಿ ಮುಚ್ಚಿಟ್ಟಿದ್ದಿರಂತೆ. ಆಮೇಲೆ ಅದು ಮತ್ತೆ ಹೊಳೆದದ್ದು ಹೇಗೆಂದು ಯಾರನ್ನೂ ಕೇಳುವಂತಿರಲಿಲ್ಲವೇನೋ ನಿಮಗೆ. ರಜೆ ಸಿಗಲಿಲ್ಲವೆಂದು ಮಾವನವರು ನಿಮ್ಮ ತಂಗಿಯ ಮದುವೆಗೆ ಧಾರೆಯ ಹೊತ್ತಿಗೆ ಮಾತ್ರ ಬಂದರೆಂದು ಇವತ್ತಿಗೂ ನೊಂದುಕೊಳ್ಳುತ್ತೀರಲ್ಲ, ರಜೆ ಸಿಕ್ಕಿತ್ತಂತೆ ಅತ್ತೆ. ನಿಮ್ಮನ್ನು ಮುಂದಾಗಿ ಕಳಿಸಿ, ಐದು ದಿನ ಸಾಬರ ಜೊತೆ ತಾವೂ ಕೂತು ಉಜ್ಜಿದರಂತೆ. 'ಬೇಗ ಮುಗೀಬೇಕು ಸಾಬ್ರೇ. ನಾನೇನಂತೀನೋ ಅಂತ ಹೆದ್ರಿಕೊಂಡು ಅವಳು ಎಂಟು ದಿನದಿಂದ ಸರಿಯಾಗಿ ಊಟಾನೇ ಮಾಡಿಲ್ಲ' ಎನ್ನುತ್ತಿದ್ದರಂತೆ.