ಮಾರ್ಸಿಯಾಳ ಬ್ರೆಡ್ಡು ಬಾರದ ಸಂತೆ

ಎರಿನ್ ಮಿಲ್ಸ್, ಮಿಸ್ಸಿಸಾಗಾ
೨೬ ಜೂನ್ ೨೦೨೪

ಪ್ರೀತಿಯ ತಮ್ಮ ರಘುನಾಥನಿಗೆ,

ಹೇಗಿದ್ದೀಯ? ಬೆಂಗಳೂರಿಗೆ ಹೋದಾಗಲೆಲ್ಲ ನಿನಗೆ ಹೊಟ್ಟೆ ಕೆಡುತ್ತದೆ, ಈ ಸಲವಾದರೂ ಕುದಿಸಿದ ನೀರು ಕುಡಿಯುತ್ತಿದ್ದೀಯ ತಾನೆ? ನಿನ್ನ ಮಾವನವರ ಮಂಡಿ ಆಪರೇಷನ್ ಸಲೀಸಾಗಿ ಆಯಿತೆಂದು ತಿಳಿದು ಸಮಾಧಾನವಾಯಿತು. ಇಲ್ಲಿ ನಿನ್ನ ಭಾವ, ಮಗಳು ಶ್ರೀಜಾ ಇಬ್ಬರೂ ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ. ಫೋನು ಮಾಡಿದರೆ ನೀನು ಎರಡೇ ನಿಮಿಷದಲ್ಲಿ ನನ್ನನ್ನು ನಗಿಸಿ ಮಾತು ಮರೆಸಿಬಿಡುತ್ತೀಯ, ಚಿಕ್ಕಂದಿನಿಂದಲೂ ನಿನ್ನದು ಅದೇ ಚಾಳಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಸಂತೆಯ ವಿಷಯ. ದೊಡ್ಡ ಮಾಲಿಗೆ ಓಡುವ ಬದಲು ಸುತ್ತಮುತ್ತಲ ಸಣ್ಣ ಅಂಗಡಿಯವರಿಂದ, ಅದರಲ್ಲೂ ಬಣ್ಣದ ಕಾರಣಕ್ಕೆ ಹಿಂದೆ ತಳ್ಳಿಸಿಕೊಂಡವರಿಂದ ಕೊಳ್ಳೋಣ, ನಮ್ಮ ಕನ್ನಡ ಕೂಟದಿಂದ 'ಎಲ್ಲರ ಸಂತೆ' ನಡೆಸೋಣ ಎಂದು ನೀನು ಯುಗಾದಿಯ ದಿನ ವೇದಿಕೆಯ ಮೇಲೆ ಹೇಳಿದಾಗ ಮುಂದಿನ ಸಾಲಿನಲ್ಲಿ ಕೂತು ಎಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದೆ ಗೊತ್ತೇ? ಮಾರ್ಸಿಯಾಳೂ ನನ್ನ ಪಕ್ಕದಲ್ಲಿದ್ದಳು, ತಾನೂ ಒಂದು ಟೇಬಲ್ಲು ಹಾಕುತ್ತೇನೆಂದು ಅಂದೇ ಹೆಸರು ಕೊಟ್ಟಳು. ಅವಳು ನನಗೆ ಯಾರು ಎಂಬುದು ನಿನಗೆ ಗೊತ್ತು. ಆದರೂ ನೀನು ಮರೆತಂತೆ ಕಾಣುವುದರಿಂದ ಇನ್ನೊಮ್ಮೆ ಹೇಳುತ್ತೇನೆ. ನಿನ್ನ ಭಾವನ ಕೆಲಸ ಹೋದ ಚಳಿಗಾಲದಲ್ಲಿ ನಾನು ಕೋಡುಬಳೆ ಮಾಡಿ ಮಾರಲು ಹೊರಟೆನಲ್ಲ, ನಾಲ್ಕು ಅಂಗಡಿಯವರು ನನ್ನನ್ನು ಬಾಗಿಲಲ್ಲೇ ಸಾಗಹಾಕಿದರು. ಅವರಲ್ಲಿ ಇಬ್ಬರು ನಮ್ಮವರೇ. ಐದನೆಯದು ಮಾರ್ಸಿಯಾಳ ಬೇಕರಿ. ಜಮೈಕಾದಿಂದ ಬಂದು ಮೂವತ್ತು ವರ್ಷದಿಂದ ಒಬ್ಬಳೇ ನಡೆಸಿಕೊಂಡು ಬಂದ ಅಂಗಡಿ ಅದು. ಕೋಡುಬಳೆಯ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡವಳೇ ಅಂಗಡಿಗೆ ರಜೆಯಿರುವ ಸೋಮವಾರಗಳಂದು ಬಂದು ತನ್ನ ಅಡಿಗೆಮನೆಯಲ್ಲೇ ಮಾಡಿಕೋ ಎಂದು ಬೀಗದ ಕೈ ಕೊಟ್ಟಳು. "ಮಂಡೇ ಈಸ್ ಯುವರ್ಸ್, ನೀರ್ಜಾ," ಎಂದಳು. ನನ್ನ ಕೋಡುಬಳೆ ಮೊದಲು ಮಾರಾಟವಾದದ್ದು ಅವಳ ಗಾಜಿನ ಕಪಾಟಿನಲ್ಲಿ, ಅವಳ ತೆಂಗಿನಕಾಯಿ ಬ್ರೆಡ್ಡಿನ ಪಕ್ಕದಲ್ಲಿ.

ಸಂತೆಯ ಹಿಂದಿನ ದಿನ ನೀನು ಫೋನು ಮಾಡಿ, "ಅಕ್ಕಾ, ಟೇಬಲ್ಲೆಲ್ಲಾ ಫುಲ್ ಆಗೋಯ್ತು, ಮಾರ್ಸಿಯಾಗೆ ನೀನೇ ಹೇಳ್ಬಿಡು. ನೀನ್ ಹೇಳಿದ್ರೆ ಬೇಜಾರ್ ಮಾಡ್ಕೊಳಲ್ಲ," ಎಂದೆ. ನಾನು ಹೋದಾಗ ಅವಳು ಎಂಬತ್ತು ಬ್ರೆಡ್ಡಿಗಾಗುವಷ್ಟು ಹಿಟ್ಟು ನಾದಿಟ್ಟಿದ್ದಳು. ಹೇಳಿದೆ. ಅವಳು ಕೈ ಒರೆಸಿಕೊಂಡು "ಓಕೆ, ಡಾರ್ಲಿಂಗ್," ಎಂದಳು, ಅಷ್ಟೇ. ಮರುದಿನ ಸಂತೆಯ ಬಾಗಿಲಲ್ಲೇ ಆಳೆತ್ತರದ ಪೋಸ್ಟರು: ನಾನು, ಮಾರ್ಸಿಯಾ ಇಬ್ಬರೂ ಹಿಟ್ಟಿನ ಕೈಯಲ್ಲಿ ನಗುತ್ತಿರುವ ಫೋಟೋ. ನನ್ನ ಮಗ್ಗುಲಲ್ಲಿ ಎರಡು ಟೇಬಲ್ಲು ಸಂಜೆಯವರೆಗೂ ಖಾಲಿ. ಯಾರೋ ಬರಲಿಲ್ಲವೇನೋ ಎಂದುಕೊಂಡೆ. ನನ್ನ ಟೇಬಲ್ಲಿನಲ್ಲೇ ಅವಳಿಗೆ ಅರ್ಧ ಜಾಗ ಬಿಡಬಹುದಿತ್ತು, ಅದು ನನಗೆ ಹೊಳೆಯಲೇ ಇಲ್ಲ. ಈ ತಪ್ಪು ನನ್ನದು, ಇದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಮೊನ್ನೆ ಭಾನುವಾರ ನಿಮ್ಮ ಸಮಿತಿಯ ಆಶಾಲತಾ ನನ್ನ ಪಾತ್ರೆಗಳನ್ನು ಹಿಂತಿರುಗಿಸಲು ಬಂದಿದ್ದರು. ಕಾಫಿ ಕುಡಿಯುತ್ತಾ, ಏನೂ ಕಲ್ಮಶವಿಲ್ಲದೆ, "ನಿಮ್ ತಮ್ಮ ಸರಿಯಾದ್ ಟೈಮಲ್ಲಿ ಹೇಳಿದ್ರು ಬಿಡಿ. ಅವರೆಲ್ಲ ಬಂದಿದ್ರೆ ನಮ್ ಫ್ಯಾಮಿಲಿಗಳು ಬರ್ತಾನೇ ಇರ್ಲಿಲ್ಲ," ಎಂದರು. "ಅವರೆಲ್ಲ ಅಂದ್ರೆ ಯಾರು?" ಎಂದೆ. ಅವರು ಫೋನು ತೆಗೆದು ನಿನ್ನ ಇಮೇಲ್ ತೋರಿಸಿದರು. ಅದನ್ನು ನನಗೂ ಕಳಿಸಿಕೊಂಡು ಮೂರು ಸಲ ಓದಿದೆ. 'ಪೋಸ್ಟರಿನಲ್ಲಿ ಆ ಫೋಟೋ ಇರಲಿ, ಚೆನ್ನಾಗಿ ಬಂದಿದೆ. ಆದರೆ ಕರಿಯರ ಅಂಗಡಿ ಬೇಡ. ಅಕ್ಕನ ಕೈಲೇ ಹೇಳಿಸುತ್ತೇನೆ, ಗಲಾಟೆ ಆಗುವುದಿಲ್ಲ.' ರಘು, ಅವಳು ಬೇಡವೆಂದದ್ದು ನೀನು, ಹೇಳಲು ಕಳಿಸಿದ್ದು ನನ್ನನ್ನು. ಫೋನಿನಲ್ಲಿ ಹೆಸರು ಕೇಳಿದ ಮೇಲೆ ಬಾಡಿಗೆಗೆ ಮನೆ ಇಲ್ಲವೆಂದರು ಎಂದು ನನ್ನ ಬೇಸ್‌ಮೆಂಟಿನಲ್ಲಿ ಕೂತು ಅತ್ತವನು ನೀನೇ ಅಲ್ಲವೇನೋ? ಅಂದು ನಿನ್ನ ತಲೆ ಸವರಿದ ಕೈ ಇದು. ಬೇರೆ ಯಾರೇ ಹಾಗೆ ಬರೆದಿದ್ದರೂ ಬೈದು ಸುಮ್ಮನಾಗುತ್ತಿದ್ದೆ. ನೀನು ಬರೆದದ್ದನ್ನು ಏನು ಮಾಡಬೇಕೆಂದು ನನಗೆ ಇನ್ನೂ ತಿಳಿಯುತ್ತಿಲ್ಲ.

ಸೋಮವಾರ ಹೋಗಿ ಮಾರ್ಸಿಯಾಗೆ ಎಲ್ಲವನ್ನೂ ಹೇಳಿದೆ. ಫುಲ್ ಆಯಿತೆಂಬ ಮಾತಿನ ಅರ್ಥ ತನಗೆ ಆ ದಿನವೇ ಗೊತ್ತಾಗಿತ್ತು ಎಂದಳು. ಈ ದೇಶದಲ್ಲಿ ಆ ಮಾತನ್ನು ಅವಳು ಅದೆಷ್ಟು ಸಲ ಕೇಳಿದ್ದಾಳೋ. "ಆದ್ರೆ ನಿಂಗೂ ಗೊತ್ತಿತ್ತಾ, ನೀರ್ಜಾ? ಹತ್ತು ದಿನದಿಂದ ಅದೊಂದೇ ಯೋಚ್ನೆ," ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿ ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ಎಂದೂ ಕಂಡವಳಲ್ಲ. ಬೀಗದ ಕೈ ತೆಗೆದು ಅವಳ ಮುಂದಿಟ್ಟೆ. ಅವಳು ಅದನ್ನು ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಬರುವ ಸೋಮವಾರವೂ ಬಾ, ಆದರೆ ಬಾಗಿಲು ತಾನೇ ತೆಗೆಯುತ್ತೇನೆ ಎಂದಳು.

ಮಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ನಿನಗೆ ನನ್ನ ಆಶೀರ್ವಾದ ಇದೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಬರುವುದಿಲ್ಲ.

ನಿನ್ನ ಅಕ್ಕ,
ನೀರಜಾ

ತಾ.ಕ.: ಇದರ ಫೋಟೋ ತೆಗೆದು ನಿನಗೆ ಕಳಿಸಲು ಶ್ರೀಜಾ ಅವಸರ ಮಾಡುತ್ತಿದ್ದಾಳೆ, ಒಂದು ಮಾತು ಬಿಟ್ಟೇಹೋಯಿತು. ಜುಲೈ ಇಪ್ಪತ್ತೇಳಕ್ಕೆ ಕೂಟದವರು ಈ ಸಂತೆಗಾಗಿ ನಿನಗೆ ಸನ್ಮಾನ ಇಟ್ಟುಕೊಂಡಿದ್ದಾರಂತೆ. ನಿನ್ನ ಬಗ್ಗೆ ಎರಡು ಮಾತಾಡಲು ನನ್ನನ್ನು ಕೇಳಿದರು, ಒಪ್ಪಿಕೊಂಡಿದ್ದೇನೆ. ಅಷ್ಟರೊಳಗೆ ನೀನು ಮಾರ್ಸಿಯಾಳ ಎದುರು ನಿಂತು ನಿಜ ಹೇಳಿರಬೇಕು. ಇಲ್ಲವಾದರೆ ನಾನು ಭಾಷಣ ಮಾಡುವುದಿಲ್ಲ, ನಿನ್ನ ಇಮೇಲನ್ನು ಓದಿ ಕೆಳಗಿಳಿಯುತ್ತೇನೆ.