ಬೋರ್ಡಿನ ಮೇಲಿನ ಹೆಬ್ಬೆಟ್ಟು

೧೯೩೬, ಜುಲೈ ೭

ಇವತ್ತೂ ಹೆಡ್‌ಮಾಸ್ತರರು ಸೈನ್ಸ್ ಬೀರುವಿನ ಕೀಲಿ ಕೊಡಲಿಲ್ಲ. ಸೈನ್ಸ್ ಮೇಷ್ಟ್ರು ಚನ್ನಯ್ಯನವರಿಗೆ ಟೈಫಾಯ್ಡ್. ಅವರು ಬರುವವರೆಗೆ ನಾಲ್ಕನೇ ಫಾರಂ ಹುಡುಗರ ಸೈನ್ಸ್ ಕ್ಲಾಸು ನನ್ನ ತಲೆಗೆ. ನಾನು ಓದಿದ್ದು ಸಾಹಿತ್ಯ. “ಪುಸ್ತಕದಾಗ ಇದ್ದದ್ದು ಓದಿ ಹೇಳ್ರಿ, ಸಾಕು” ಎಂದರು ಹೆಡ್‌ಮಾಸ್ತರರು. ಹಾಗಾದರೆ ಬೀರುವಿನೊಳಗಿನ ಭೂತಗನ್ನಡಿ ಯಾರಿಗೆ? ಜೇಡಗಳಿಗೆ? ಕೇಳಲಿಲ್ಲ. ಸಿಟ್ಟು ಬಂದದ್ದೆಲ್ಲ ಈ ನೋಟುಬುಕ್ಕಿಗೇ...

ಕ್ಲಾಸಿನಲ್ಲಿ ನನ್ನ ದನಿ ಮೂರನೇ ಬೆಂಚು ದಾಟುವುದಿಲ್ಲ. ಮಲಪನಗುಡಿಯಿಂದ ನಡೆದು ಬರುವ ಪಂಪಣ್ಣ ಹಿಂದಿನಿಂದ ಕೂಗಿದ: “ಸಾರ್, ಜರಾ ಜೋರಾಗಿ ಹೇಳ್ರಿ. ಇಲ್ಲಿ ನೊಣ ಭಾಳ ಗದ್ಲ ಮಾಡಾಕತ್ಯಾವು!”

ಎಲ್ಲರೂ ನಕ್ಕರು. ಕಿವಿ ಬಿಸಿಯಾಯಿತು.

ಜುಲೈ ೯

ಕೀಲಿ ಬೇಡ. ಬೆರಳುಗಳಿಗೆ ಯಾರೂ ಬೀಗ ಹಾಕಿಲ್ಲ. ದೀಪದ ಮಸಿಗೆ ಎರಡು ಹನಿ ಎಣ್ಣೆ ಕಲಸಿ ಸ್ಲೇಟಿಗೆ ತೆಳ್ಳಗೆ ಸವರಿದೆ. ಮೂವತ್ತೆರಡು ಹುಡುಗರೂ ಅದನ್ನು ಮುಟ್ಟಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು. ಮಾವನ ಭೂತಗನ್ನಡಿ ಕೇಳಿ ತಂದಿದ್ದೆ. ಜಮೀನಿನ ಪತ್ರ ಬರೆಯುವ ಕಸುಬು ಅವರದು, ಹಳೆಯ ಕಾಗದ ಓದಲು ಇಟ್ಟುಕೊಂಡದ್ದು. ಅಪ್ಪ ತೀರಿದ ಮೇಲೆ ನಾನೂ ಅಮ್ಮನೂ ಇರುವುದು ಅವರ ಮನೆಯಲ್ಲೇ.

ಆಮೇಲೆ ಪತ್ತೇದಾರಿ. ನಾನು ಹೊರಗೆ ಹೋದಾಗ ಒಬ್ಬ ದೀಪದ ಚಿಮಣಿ ಮುಟ್ಟಬೇಕು. ಬಂದು ಪೆನ್ಸಿಲ್ಲಿನ ಸೀಸ ಪುಡಿ ಮಾಡಿ ಊದಿದೆ. ಗಾಜಿನ ಮೇಲೆ ಗೆರೆ ಮೂಡಿತು. ಹುಡುಗರೇ ಕಾಗದಗಳ ಜೊತೆ ಹೋಲಿಸಿ ಹಿಡಿದರು. “ಲೇ ಮೂಕಣ್ಣ, ಕಳ್ಳ ನೀನಾ! ಮಾರಿ ನೋಡು, ಏನೂ ಅರಿಯದೋನ ಹಂಗ!”

ಬೋರ್ಡಿನ ಮೇಲೆ ನನ್ನ ಎಡ ಹೆಬ್ಬೆಟ್ಟನ್ನೇ ಮೊರದಷ್ಟು ದೊಡ್ಡದಾಗಿ ಬರೆದೆ. ಸುಳಿ. ಸುಳಿಯನ್ನು ಓರೆಯಾಗಿ ಸೀಳಿದ ಬಿಳಿಗೆರೆ — ಹತ್ತನೇ ವಯಸ್ಸಿನಲ್ಲಿ ಪೆನ್ಸಿಲ್ ಕೆತ್ತುವಾಗ ಆದ ಚಾಕುವಿನ ಗಾಯ. ಎಲ್ಲರೂ ನೋಟುಬುಕ್ಕಿಗೆ ಇಳಿಸಿಕೊಂಡರು.

ಜುಲೈ ೧೩

“ಇದು ಸಾಲಿಯೋ ಪೊಲೀಸ್ ಠಾಣೆಯೋ?” — ಹೆಡ್‌ಮಾಸ್ತರರು, ಹುಡುಗರೆದುರಿಗೆ. ತಲೆ ತಗ್ಗಿಸಿ ನಿಂತೆ. ನಾಚಿಕೆಗೇಡು.

ಕ್ಲಾಸು ಬಿಟ್ಟ ಮೇಲೆ ಪಂಪಣ್ಣ ನಿಂತೇ ಇದ್ದ.

“ಸಾರ್, ಒಬ್ಬರ ಹೆಬ್ಬಟ್ಟು ಇನ್ನೊಬ್ಬರಿಗೆ ಇರಾದೇ ಇಲ್ಲೇನ್ರಿ?”

“ಇಲ್ಲ.”

“ಹಂಗಾದ್ರ ನಮ್ಮಜ್ಜಿ ಕಾಗದ ನೋಡ್ರಿ ಒಮ್ಮಿ.”

ಅಜ್ಜಿ ಹೊಳೆಮ್ಮನಿಗೆ ಕಾಲುವೆ ನೀರಿನ ಎರಡೆಕರೆ ಗದ್ದೆ. ಅದನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಆಕೆ ಹೆಬ್ಬೆಟ್ಟು ಒತ್ತಿದ ಪತ್ರವಿದೆಯಂತೆ. ಆಕೆ ಒತ್ತಿಯೇ ಇಲ್ಲವಂತೆ. ಇಪ್ಪತ್ತೇಳಕ್ಕೆ ಕೋರ್ಟು. ಸೋತರೆ ಗದ್ದೆ ಹೋಯಿತು.

“ಯಾರಿಗೆ ಬಿಟ್ಟುಕೊಟ್ಟ ಹಾಗೆ ಬರೆದಿದೆ?”

ಅವನು ನೆಲ ನೋಡಿದ. “ನಿಮ್ಮ ಮಾವಗ ರೀ. ವೆಂಕೋಬರಾಯರಿಗೆ. ಒಂದು ಪ್ರತಿ ಅಜ್ಜಿ ಮುಂದ ಒಗದು, ‘ನಿನ್ನ ಬಟ್ಟು ನಿನಗ ಗುರ್ತು ಸಿಗಂಗಿಲ್ಲೇನು?’ ಅಂದ್ರಂತ.”

ಮನೆಗೆ ಬಂದೆ. ಮಾವ ಉಯ್ಯಾಲೆಯ ಮೇಲೆ ಅಡಿಕೆ ಕತ್ತರಿಸುತ್ತಿದ್ದರು. ಆ ಅಡಕತ್ತರಿಯ ಸದ್ದೇ ಸೇರಲಿಲ್ಲ.

ಜುಲೈ ೧೫, ಸಂಜೆ

ಹೊಳೆಮ್ಮ ಶಾಲೆಗೆ ಬಂದಳು. ಬಾಗಿಲ ಹೊರಗೇ ನಿಂತವಳನ್ನು ಮೊಮ್ಮಗ ಕೈಹಿಡಿದು ಎಳೆತಂದ. ಮೊದಲು ಆಕೆಯ ಹೆಬ್ಬೆಟ್ಟಿನ ಅಚ್ಚು ತೆಗೆದೆ. ಕಪ್ಪು ಕಲೆ ಮಾತ್ರ. ಮತ್ತೊಮ್ಮೆ. ಬಲಗೈಯದು. ಅದೂ ಕಲೆಯೇ. ಗೆರೆಗಳೇ ಸವೆದುಹೋಗಿವೆ.

“ನನಗ ಹೆಬ್ಬಟ್ಟೇ ಇಲ್ಲೇನ್ರಿ ಮಾಸ್ತರ?” ನಕ್ಕಳು. “ಇಪ್ಪತ್ತು ವರ್ಷ ಸುಣ್ಣದ ಭಟ್ಟಿ ಕೆಲಸ ಮಾಡೀನ್ರಿ. ಅಲ್ಲೇ ಎಲ್ಲೋ ಉದುರಿರಬೇಕು.”

ಆಕೆ ತಂದಿದ್ದ ಪತ್ರ ಬಿಡಿಸಿದೆ. ಎರಡೇ ವರ್ಷದ ಹಿಂದಿನದು. ಹೆಬ್ಬೆಟ್ಟು ಎಷ್ಟು ಸ್ವಚ್ಛ! ಗೆರೆ ಗೆರೆ ಎಣಿಸಬಹುದು.

“ಇದು ಮಣ್ಣು ಮುಟ್ಟದ ಕೈ! ಕೂತು ಉಂಡ ಕೈ!” ಎಂದು ಕೂಗಿದೆ. ನನ್ನ ದನಿ ಹಿಂದಿನ ಗೋಡೆಗೆ ತಾಗಿತು, ಮೊದಲ ಸಲ. ಮಾವನದೇ ಎಂದುಕೊಂಡೆ. ಸಿಕ್ಕಿಬಿದ್ದರು ಎಂದುಕೊಂಡೆ.

ಪಂಪಣ್ಣ ಭೂತಗನ್ನಡಿ ಹಿಡಿದು ಬಗ್ಗಿದ. ತಲೆಯೆತ್ತಿ ಬೋರ್ಡು ನೋಡಿದ. ತನ್ನ ನೋಟುಬುಕ್ಕು ತೆಗೆದ. ಮತ್ತೆ ಪತ್ರ.

“ಸಾರ್... ಇದು ಬೋರ್ಡಿನ ಮ್ಯಾಲಿನ ಬಟ್ಟು.”

“ಏನು?”

“ಸುಳಿ ಮ್ಯಾಲೆ ಓರಿ ಗೆರಿ. ನಿಮ್ಮ ಚಾಕು ಗಾಯ ರೀ.”

ನೋಡಿದೆ. ನನ್ನದೇ.

ಎರಡು ವರ್ಷದ ಹಿಂದೆ, ಬೇಸಿಗೆ ರಜೆ. ಪಡಸಾಲೆಯಲ್ಲಿ ಕಾವ್ಯ ಓದುತ್ತ ಕೂತಿದ್ದೆ. “ಮಸಿ ಪ್ಯಾಡು ಹೊಸದು, ಹತ್ತತದೋ ಇಲ್ಲೋ ನೋಡೋಣ. ಬಟ್ಟು ಕೊಡೋ ಇಲ್ಲಿ” ಎಂದರು ಮಾವ. ಬಲಗೈ ಪುಟದ ಮೇಲಿತ್ತು; ಎಡಗೈ ಚಾಚಿದೆ. ಎರಡು ಸಲ ಒತ್ತಿಸಿಕೊಂಡರು. ತಮ್ಮ ಪಂಚೆಯ ತುದಿಯಿಂದ ಒರೆಸಿಯೂ ಕೊಟ್ಟರು. ನಾನು ತಲೆಯೆತ್ತಲಿಲ್ಲ. ಎಡಪುಟದ ಕೊನೆಯ ಪದ್ಯ ಯಾವುದೆಂದು ಈಗಲೂ ನೆನಪಿದೆ. ಕಾಗದ ಯಾವುದೆಂದು ನೋಡಲಿಲ್ಲ. ಎಂಥ ಓದು ಅದು! ಥೂ.

“ನಿಮಗ ಗೊತ್ತಿತ್ತೇನ್ರಿ?” ಪಂಪಣ್ಣ ಕೇಳಿದ. ಈ ಸಲ ‘ಸಾರ್’ ಇಲ್ಲ.

“ಸುಮ್ನಿರಲೇ, ಮಾಸ್ತರ ಮಾರಿ ನೋಡು” ಎಂದಳು ಹೊಳೆಮ್ಮ. ಆಮೇಲೆ ನನಗೆ: “ಕೋರ್ಟಿನ್ಯಾಗ ಇದನ್ನ ಹೇಳ್ತೀರೇನ್ರಿ?”

ನಾನು ಭೂತಗನ್ನಡಿ ಒರೆಸತೊಡಗಿದೆ. ಪತ್ರ ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದಳು.

ಜುಲೈ ೨೫

ಹತ್ತು ದಿನ ಬರೆಯಲಿಲ್ಲ. ಬರೆದರೆ ಸಿಟ್ಟು ಇಲ್ಲೇ ಖರ್ಚಾಗುತ್ತದೆ.

ಹೆಡ್‌ಮಾಸ್ತರರು ಬೋರ್ಡು ಒರೆಸಿಸಿದರು. ಒರೆಸಲಿ. ಮೂವತ್ತೆರಡು ನೋಟುಬುಕ್ಕುಗಳಿವೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾವನನ್ನು ಕೇಳಿಯೇಬಿಟ್ಟೆ. ಆ ಪತ್ರದ ಮೇಲೆ ನನ್ನ ಹೆಬ್ಬೆಟ್ಟು ಹೇಗೆ ಬಂತು? ಅವರು ತುತ್ತು ನಿಲ್ಲಿಸಲಿಲ್ಲ.

“ಬಟ್ಟು ಯಾರದು? ನಿಂದು. ಒತ್ತಿದೋನು ಯಾರು? ನೀನು. ಜೈಲಿಗೆ ಹೋಗೋನು ಯಾರಪ್ಪಾ, ಪಂಡಿತ?”

“ಇಬ್ಬರೂ ಹೋಗೋಣ” ಎಂದೆ.

ಆಗ ತುತ್ತು ನಿಂತಿತು. ಕಣ್ಣು ಸಣ್ಣಗೆ ಮಾಡಿ ನೋಡಿದರು. “ರಾಧಾ, ಕೇಳಿದಿಯಾ? ಸಾರು ಬಡಸು. ಈ ಮನಿ ಸಾರು ಇನ್ನ ಎಷ್ಟು ದಿನವೋ ನಿನ್ನ ಮಗಗ.”

ಅಮ್ಮ ಸೌಟು ಹಿಡಿದು ನಿಂತೇ ಇದ್ದಳು. ಆಮೇಲೆ ಹಿತ್ತಲಲ್ಲಿ ಸಿಕ್ಕಳು. “ನಾ ಎಲ್ಲಿ ಹೋಗ್ಲೋ, ತಿರುಮಲ?” ಅವಳ ಮೇಲೂ ಸಿಟ್ಟು ಬಂತು. ಅದು ಎಲ್ಲಕ್ಕಿಂತ ಕೆಟ್ಟ ಸಿಟ್ಟು.

ಜುಲೈ ೨೭, ಬೆಳಿಗ್ಗೆ ಹತ್ತೂಮುಕ್ಕಾಲು. ಕೋರ್ಟಿನ ಜಗಲಿ.

ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಬೆಳಿಗ್ಗೆ ಹೊರಡುವಾಗ ಅಮ್ಮನ ಹಾಸಿಗೆ ಸುರುಳಿ ಸುತ್ತಿ ಬಾಗಿಲ ಹತ್ತಿರ ಇತ್ತು. ಮೇಲೆ ಅವಳ ಎರಡು ಸೀರೆಯ ಗಂಟು. ನನ್ನ ಅಂಗಿಯ ಕಾಲರು ಸರಿಮಾಡಿದಳು, ಅಷ್ಟೇ.

ಮಾವ ಎದುರಿಗೆ ವಕೀಲರ ಜೊತೆ ನಗುತ್ತಿದ್ದಾರೆ. ನಾನು ಮಾತಾಡುವವನಲ್ಲ ಎಂದು ಅವರಿಗೆ ಗೊತ್ತು. ಇಪ್ಪತ್ಮೂರು ವರ್ಷದಿಂದ ಗೊತ್ತು.

ಹೊಳೆಮ್ಮ ಬೇವಿನ ಮರದ ಕೆಳಗೆ. ಪಂಪಣ್ಣ ಬಂದು, ನನ್ನ ಹೆಬ್ಬೆಟ್ಟು ಇಳಿಸಿಕೊಂಡಿದ್ದ ತನ್ನ ನೋಟುಬುಕ್ಕು ಕೈಗಿಟ್ಟ. “ಸಾರ್, ಒಳಗ ಜರಾ ಜೋರಾಗಿ ಹೇಳ್ರಿ.” ಈ ಸಲ ಯಾರೂ ನಗಲಿಲ್ಲ.

ಜವಾನ ಕೂಗುತ್ತಿದ್ದಾನೆ — ಹೊಳೆಮ್ಮಾ... ಹೊಳೆಮ್ಮಾ...

ಸಾಕ್ಷಿಗಳ ಪಟ್ಟಿಯಲ್ಲಿ ನಾನಿಲ್ಲ. ನನ್ನ ಹೆಸರನ್ನು ಯಾರೂ ಕೂಗುವುದಿಲ್ಲ. ನಾನೇ ಎದ್ದು —