ಹಾರಿ ಹಿಡಿದ ಕ್ಯಾಚು

ಟಯರ್ ಅಂಗಡಿ,
ಗುರುವಾರ ಸಂಜೆ, ಶಟರ್ ಅರ್ಧ ಇಳಿಸಿದ ಮೇಲೆ

ಪ್ರೀತಿಯ ದೊಡ್ಡವನಿಗೆ,

ಹೇಗಿದ್ದೀಯಪ್ಪಾ? ಬೆತ್ತದ ಸಿಬಿರು ಚುಚ್ಚಿ ಬಾತುಕೊಂಡಿದ್ದ ಹೆಬ್ಬೆರಳು ವಾಸಿಯಾಯಿತಾ? ಬಿಸಿನೀರಿನಲ್ಲಿ ಅದ್ದು, ಉದಾಸೀನ ಮಾಡಬೇಡ. ಈಗ ನಿನ್ನ ಬೆರಳುಗಳೇ ನಿನ್ನ ಬಂಡವಾಳ. ನಿನ್ನ ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಪೂರ್ತಿ ಆರೋಗ್ಯವಾಗಿದೆ. ನೀನು ಹೆಣೆದು ಕಳಿಸಿದ ಕುರ್ಚಿಯಲ್ಲಿ ನನ್ನನ್ನು ಕೂರಲು ಬಿಡುವುದಿಲ್ಲ. ನನ್ನ ಭಾರಕ್ಕೆ ಲಾರಿ ಟಯರೇ ಸರಿಯಂತೆ. ಇದನ್ನು ಓದಿ ಹೇಳುತ್ತಿರುವ ಮೇಡಂಗೆ ನಮಸ್ಕಾರ. ಮೇಡಂ, ನಿಮ್ಮ ಕೇಂದ್ರದಲ್ಲಿ ಕಣ್ಣಿಲ್ಲದ ಅಷ್ಟೊಂದು ಜನರಿಗೆ ಪತ್ರ ಓದುವವರು ನೀವೊಬ್ಬರೇ ಎಂದು ಮಗ ಹೇಳಿದ್ದಾನೆ. ಆದರೂ ಇದನ್ನು ಬಾಗಿಲು ಮುಂದೆ ಮಾಡಿಕೊಂಡು, ಸ್ವಲ್ಪ ನಿಧಾನವಾಗಿ ಓದಿ. ಮುಂದೆ ಬರುವ ಸುದ್ದಿ ಅಂಥದ್ದು.

ಸುದ್ದಿ ಚಿಕ್ಕವನದು. ಮೈದಾನದಲ್ಲಿ ಅವನನ್ನು ಈಗ ಯಾರೂ ಸೋಮಾರಿ ಎನ್ನುವುದಿಲ್ಲ, ಹುಲಿ ಎನ್ನುತ್ತಾರೆ. ಕೇಳಿ ನಿನಗೆ ಸಂತೋಷವಾಗಬೇಕು. ನನಗೆ ಆಗಲಿಲ್ಲ, ಯಾಕೆಂದು ಹೇಳುತ್ತೇನೆ. ಮೇಡಂ, ಬೇಸ್‌ಬಾಲ್ ನಿಮಗೆ ಗೊತ್ತಿಲ್ಲದಿದ್ದರೆ ಇಷ್ಟು ಸಾಕು: ಮೈದಾನದ ಆ ತುದಿಯಲ್ಲಿ, ಗೋಡೆಯ ಹತ್ತಿರ, ಮೂವರು ದೂರದೂರ ನಿಂತಿರುತ್ತಾರೆ. ಯಾರಾದರೂ ಚೆಂಡನ್ನು ಆಕಾಶಕ್ಕೆ ಹೊಡೆದರೆ ಅದು ನೆಲ ಮುಟ್ಟುವ ಮೊದಲು ಹಿಡಿಯುವುದು ಇವರ ಕೆಲಸ. ನನ್ನ ಇಬ್ಬರು ಮಕ್ಕಳೂ ಅಲ್ಲೇ ನಿಂತವರು, ಒಬ್ಬನ ನಂತರ ಒಬ್ಬ. ದೊಡ್ಡವನೇ, ಈ ವಿದ್ಯೆ ಅವನಿಗೆ ನಿನ್ನಿಂದಲೇ ಬಂದದ್ದು. ಬ್ಯಾಟಿನ ಸದ್ದು ಕೇಳಿದ ತಕ್ಷಣ ಚೆಂಡಿಗೆ ಬೆನ್ನು ತಿರುಗಿಸಿ, ಅದು ಎಲ್ಲಿ ಬೀಳುತ್ತದೋ ಅಲ್ಲಿಗೆ ಓಡಿ, ಆಮೇಲೆ ತಲೆ ಎತ್ತುವುದು. ಅವನು ಅಲ್ಲಿಗೆ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದ. ಚೆಂಡು ಹೇಳಿ ಕಳಿಸಿದ ಹಾಗೆ ಬಂದು ಗ್ಲೌಸಿನಲ್ಲಿ ಕೂರುತ್ತಿತ್ತು. ಜನ ಆಕಳಿಸುತ್ತಿದ್ದರು. ಸರಿಯಾಗಿ ಅಂದಾಜು ಮಾಡಿದವನಿಗೆ ಈ ಲೋಕದಲ್ಲಿ ಚಪ್ಪಾಳೆ ಇಲ್ಲ, ತಡವಾಗಿ ಹೊರಟು ಹಾರಿಬಿದ್ದು ಹಿಡಿದವನಿಗೆ ಉಂಟು. ವ್ಯಾಪಾರದಲ್ಲೂ ನಾನು ಕಂಡದ್ದು ಅದೇ.

ಈಗ ಅವನು ಹಾರುತ್ತಾನೆ. ಸುಲಭದ ಚೆಂಡಿಗೂ ಹಾರುತ್ತಾನೆ. ಉದ್ದಕ್ಕೂ ಬಿದ್ದು, ಹುಲ್ಲಿನ ಮೇಲೆ ಜಾರಿ, ಎರಡೂ ಮಂಡಿ ತರಚಿಕೊಂಡು, ಗ್ಲೌಸು ಎತ್ತಿ ತೋರಿಸುತ್ತಾನೆ. ಕೋಚ್ ನನ್ನ ಹೆಗಲ ಮೇಲೆ ಕೈ ಹಾಕಿ, “ಹುಡುಗ ಈಗ ಪ್ರಾಣ ಒತ್ತೆ ಇಟ್ಟು ಆಡ್ತಿದ್ದಾನೆ ಯಜಮಾನ್ರೇ” ಎಂದರು. ಹೋದ ವಾರ ಹಿಂದಕ್ಕೆ ಓಡುತ್ತಾ ಓಡುತ್ತಾ ಗೋಡೆಗೇ ಹೋಗಿ ಬಡಿದ. ಚೆಂಡು ಕೈಯಲ್ಲೇ ಇತ್ತು. ಎದ್ದು ನಕ್ಕ. ಜನ ಬೆಂಚು ಹತ್ತಿ ಕುಣಿದರು. ನಾನು ಕೂತೇ ಇದ್ದೆ. ಪಕ್ಕದಲ್ಲಿದ್ದ ನಮ್ಮ ಕ್ಷೌರದಂಗಡಿಯವನು ಮೊಣಕೈಯಲ್ಲಿ ತಿವಿದು, “ಏನಯ್ಯಾ, ಮಗನಿಗೆ ಚಪ್ಪಾಳೆ ತಟ್ಟೋಕೂ ಲೆಕ್ಕ ಹಾಕ್ತೀಯಾ? ಕೈ ಸವೆದು ಹೋಗುತ್ತಾ?” ಎಂದ. ನನ್ನ ಕಣ್ಣು ಜಲ್ಲಿಯ ಮೇಲಿತ್ತು. ಗೋಡೆಗಿಂತ ಮೊದಲು, ಅದರ ಉದ್ದಕ್ಕೂ, ಜಲ್ಲಿಯ ಪಟ್ಟಿ ಹಾಕಿದ್ದಾರಲ್ಲ, ಕಾಲಿಗೆ ಜಲ್ಲಿ ಸಿಕ್ಕಿತೆಂದರೆ ಗೋಡೆ ಬಂತು ಎಂದು ಅರ್ಥ. ಚಿಕ್ಕವನು ಎಂದೂ ಅದಕ್ಕೆ ಕಾದವನಲ್ಲ, ಕಡೆಗಣ್ಣಿನಲ್ಲೇ ಗೋಡೆಯನ್ನು ಅಳೆದಿಟ್ಟುಕೊಂಡಿರುತ್ತಿದ್ದ. ಈಗ ಅವನು ಚೆಂಡಿಗೆ ಬೆನ್ನು ತಿರುಗಿಸುವುದೇ ಇಲ್ಲ. ತಲೆ ಮೇಲೆ ಮಾಡಿಕೊಂಡೇ ಓಡುತ್ತಾನೆ. ಒಮ್ಮೆ ಕಣ್ಣು ಆಚೆ ಸರಿಸಿದರೆ ಮತ್ತೆ ಚೆಂಡು ಸಿಗುವುದಿಲ್ಲ ಎನ್ನುವವನ ಹಾಗೆ. ಹಾಗೆ ಓಡಿದರೆ ತಡವಾಗುತ್ತದೆ. ತಡವಾದದ್ದಕ್ಕೆ ಹಾರುತ್ತಾನೆ.

ನಿನಗೆ ಇಷ್ಟು ಹೊತ್ತಿಗೆ ಅರ್ಥವಾಗಿರುತ್ತದೆ. ನನಗೆ ಅರ್ಥವಾದದ್ದು ಅವನ ಬೂಟು ನೋಡಿ. ಟಯರು ಒಂದೇ ಪಕ್ಕ ಸವೆದಿದ್ದರೆ ನಾನು ಟಯರನ್ನು ಬಯ್ಯುವುದಿಲ್ಲ, ಗಾಡಿಯ ಕೆಳಗೆ ಬಗ್ಗಿ ನೋಡುತ್ತೇನೆ. ಹೊಸ ಬೂಟು, ಹಿಮ್ಮಡಿ ಹಾಗೇ ಇದೆ, ಮೂತಿ ಮಾತ್ರ ಸವೆದು ಬಿಳಿಚಿಕೊಂಡಿದೆ. ಮನೆಯ ಮೆಟ್ಟಿಲ ಮೇಲೆ ಅವನ ಹಿಂದೆಯೇ ಇಳಿದು ನೋಡಿದೆ. ಪ್ರತಿ ಮೆಟ್ಟಿಲನ್ನೂ ಬೆರಳ ತುದಿಯಿಂದ ತಡಕಿ ಆಮೇಲೆ ಭಾರ ಬಿಡುತ್ತಾನೆ. ನೀನು ಹೀಗೆಯೇ ಇಳಿಯುತ್ತಿದ್ದೆ. ಆಗ ಯಾರಿಗೂ ತಿಳಿದಿರಲಿಲ್ಲ, ನಿನಗೂ ತಿಳಿದಿರಲಿಲ್ಲ.

ಮೊನ್ನೆ ಅಂಗಡಿಯಲ್ಲಿ ಅವನು ಕಾಫಿ ಕುಡಿಯುತ್ತಾ ನಿಂತಿದ್ದ. ನಾನು ಒಂದು ಸ್ಕೂಟರ್ ಟಯರನ್ನು ಪಕ್ಕದಿಂದ ಮೆಲ್ಲಗೆ ಅವನ ಕಡೆ ಉರುಳಿಸಿದೆ. ಕೈಗೆಟುಕುವಷ್ಟು ಹತ್ತಿರ ಬಂದರೂ ನೋಡಲಿಲ್ಲ. ಮಂಡಿಗೆ ತಗಲಿ, ಬೆಚ್ಚಿ, ಕಾಫಿ ಚೆಲ್ಲಿಕೊಂಡ. ಟಯರನ್ನು ಎತ್ತಿ ಗೋಡೆಗೆ ಒರಗಿಸಿ, “ಕೇಳೋದಿದ್ರೆ ಬಾಯಿ ಬಿಟ್ಟು ಕೇಳಪ್ಪಾ. ಟಯರ್ ಉರುಳಿಸಿ ಕೇಳ್ಬೇಡ” ಎಂದ. ಆಮೇಲೆ ನಾನು ಕೇಳದೆಯೇ ಹೇಳಿದ. ಹೋದ ಚಳಿಗಾಲದಿಂದ ಪಕ್ಕದ್ದು ಕಾಣುವುದಿಲ್ಲ, ಮಬ್ಬಾದರೆ ಎದುರಿನದ್ದೂ ಅಷ್ಟಕ್ಕಷ್ಟೆ. ಡಾಕ್ಟರ ಹತ್ತಿರ ಒಬ್ಬನೇ ಹೋಗಿ ಬಂದಿದ್ದಾನೆ. ನಿನ್ನನ್ನು ನೋಡಿದ ಅದೇ ಡಾಕ್ಟರು. “ಅಣ್ಣಂದೇ ಕಾಯಿಲೆ ಅಂದ್ರು. ಅಣ್ಣಂಗೆ ಹೇಳಿದ್ದನ್ನೇ ನಂಗೂ ಹೇಳಿದ್ರು, ಒಂದು ಮಾತು ಹೆಚ್ಚಿಲ್ಲ, ಕಮ್ಮಿ ಇಲ್ಲ.” ಅಮ್ಮನಿಗೆ ಹೇಳಬೇಡ, ಅಣ್ಣನಿಗಂತೂ ಹೇಳಲೇಬೇಡ ಎಂದು ನನ್ನ ಕೈ ಹಿಡಿದುಕೊಂಡ. ನಿನಗೆ ಹೇಳಿದರೆ ನಿನಗೆ ಎರಡನೇ ಸಲ ಕಣ್ಣು ಹೋದ ಹಾಗಂತೆ.

ಭಾನುವಾರ ದೊಡ್ಡ ಆಟವಿದೆ. ಪಟ್ಟಣದ ದೊಡ್ಡ ತಂಡದವರು ಇವನನ್ನೇ ನೋಡಲು ಬರುತ್ತಾರೆ. ಹಾರುವುದನ್ನು ನೋಡಿಯೇ ಅವರಿಗೆ ಆಸೆ ಹುಟ್ಟಿರುವುದು. “ಭಾನುವಾರ ಒಂದು ಮುಗೀಲಿ ಅಪ್ಪಾ. ಅವರು ಒಂದ್ಸಲ ನನ್ನ ಬೇಕು ಅನ್ಲಿ. ಆಮೇಲೆ ನಾನೇ ಬೇಡ ಅಂತೀನಿ” ಎಂದ. ಇಷ್ಟು ಸಣ್ಣ ಆಸೆಗೆ ಇಲ್ಲ ಎನ್ನುವುದು ಹೇಗೆ? ಆದರೆ ಆಟ ಸಂಜೆಯದು, ಬೆಳಕು ಇಳಿಯುವ ಹೊತ್ತಿನದು. ಆ ಗೋಡೆ ಇಟ್ಟಿಗೆಯದು. ಹೋದ ಸಲ ಭುಜ ಬಡಿಯಿತು, ಈ ಸಲ ತಲೆಯಾದರೆ? ನಡುವೆ ನಿಲ್ಲುವ ಹುಡುಗ ಚೆಂಡು ನನ್ನದು ಎಂದು ಕೂಗಿಕೊಂಡು ಅಡ್ಡ ಬಂದರೆ ಇವನಿಗೆ ಅವನು ಕಾಣುವುದಿಲ್ಲ. ಆಗ ಕೆಡುವುದು ಎರಡು ಮನೆ. ಬರಿಗೈಯಲ್ಲಿ ಬಂದು ಈ ಅಂಗಡಿ ಕಟ್ಟಿದವನು ನಾನು. ಎಂಥ ಲೆಕ್ಕದಲ್ಲೂ ಒಂದು ಕಡೆ ಹೋದರೆ ಇನ್ನೊಂದು ಕಡೆ ಏನಾದರೂ ಉಳಿಯುತ್ತದೆ. ಇದರಲ್ಲಿ ಯಾವ ಕಡೆಯಿಂದ ಕೂಡಿದರೂ ಕಳೆಯುವುದೇ ಬರುತ್ತಿದೆ. ಮನೆಯಲ್ಲಿ ನಿನ್ನ ಅಮ್ಮ ಅವನ ಪ್ಯಾಂಟಿನ ಮಂಡಿಗೆ ತೇಪೆ ಹಾಕುತ್ತಾ ಕೂತಿದ್ದಾಳೆ. ಮಗ ಎಷ್ಟು ಹರಿದುಕೊಂಡರೆ ಅವಳಿಗೆ ಅಷ್ಟು ಹೆಮ್ಮೆ. ಅವಳಿಗೆ ಹೇಳುವ ಧೈರ್ಯ ನನಗಿಲ್ಲ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಯಾರಾದರೂ ಮೊದಲೇ ನಿನ್ನನ್ನು ಮೈದಾನದಿಂದ ಕರೆತಂದಿದ್ದರೆ ಅವರನ್ನು ಕ್ಷಮಿಸುತ್ತಿದ್ದೆಯಾ?

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೇಡಂ ಮಾತು ಮೀರಬೇಡ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ ಎನ್ನುವುದು ಬಿಟ್ಟು ಈ ಅಪ್ಪನ ಕೈಯಲ್ಲಿ ಬೇರೇನೂ ಇಲ್ಲ.

ಇಂತು,
ನಿನ್ನ ಅಪ್ಪ

ತಾ.ಕ.: ಶುಕ್ರವಾರ ರಾತ್ರಿ. ಬೆಳಿಗ್ಗೆ ಇದನ್ನು ಅಂಚೆಗೆ ಹಾಕಲು ಹೊರಟವನು ನಿನ್ನ ಉತ್ತರಕ್ಕೆ ಕಾಯಲಾಗದೆ ಮೈದಾನಕ್ಕೆ ಹೋಗಿ ಕೋಚ್‌ಗೆ ಎಲ್ಲ ಹೇಳಿಬಿಟ್ಟೆ. ಅವರು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು. ಭಾನುವಾರ ಅವನು ಆಡುವುದಿಲ್ಲ. ಯಾರು ಹೇಳಿದ್ದೆಂದು ಅವನಿಗೆ ಗೊತ್ತಾಗಿದೆ. ನನ್ನ ಜೊತೆ ಮಾತಿಲ್ಲ, ಇನ್ನು ಮುಂದೆ ಮಾತಾಡುತ್ತಾನೆಂದೂ ನನಗೆ ಅನ್ನಿಸುವುದಿಲ್ಲ. ಮುಂದಿನ ವಾರ ನಿನ್ನ ಹತ್ತಿರ ಬರುತ್ತಾನಂತೆ, ಅಮ್ಮನ ಬಳಿ ಹೇಳಿದ. ಅವನನ್ನು ಸಮಾಧಾನ ಮಾಡಲು ಹೋಗಬೇಡ. ನನ್ನ ಪರ ವಹಿಸಿಯೂ ಮಾತಾಡಬೇಡ. ಗಡ್ಡ ಬೋಳಿಸಿಕೊಂಡು, ಒಳ್ಳೆ ಅಂಗಿ ಹಾಕಿಕೊಂಡು, ಕಿಟಕಿಯ ಬೆಳಕು ಮುಖಕ್ಕೆ ಬೀಳುವ ಹಾಗೆ ಕೂರು; ಬೆಳಕು ಯಾವ ಕಡೆಯಿದೆ ಎಂದು ಮೇಡಂ ಹೇಳುತ್ತಾರೆ. ಇನ್ನೂ ಕಾಣುವಾಗಲೇ ಅವನು ತನ್ನ ಅಣ್ಣನನ್ನು ಒಮ್ಮೆ ಸರಿಯಾಗಿ ನೋಡಿಟ್ಟುಕೊಳ್ಳಲಿ.